ಅಪ್ಪನ ಪಾಲಿನ ಇನ್ಸುಲಿನ್

ಅಪ್ಪಾ,
ನೀನು ಒಳ್ಳೇ ನಿದ್ದೆಯಲ್ಲಿದ್ದೆ, ಎಬ್ಬಿಸದೆ ನಾನು ಕಾಲೇಜಿಗೆ ಹೊರಟೆ.

ಫ್ರಿಜ್ಜಿನಲ್ಲಿ ಎರಡು ಬಾಟಲಿ ಇನ್ಸುಲಿನ್ ಇದೆ. ನಿನ್ನ ಹೆಸರು ಬರೆದಿರುವುದು ನಿನ್ನದು, ಇನ್ನೊಂದು ನನ್ನದು. ಡಾಕ್ಟರು ಹೇಳಿದಷ್ಟು ಪೂರ್ತಿ ಚುಚ್ಚಿಕೊಂಡು, ಮುಚ್ಚಿಟ್ಟ ರೊಟ್ಟಿ ತಿನ್ನು.

ನಮ್ಮಿಬ್ಬರಿಗೂ ಸೇರಿ ಒಂದೇ ಬಾಟಲಿ ಕೊಳ್ಳಲು ಆಗುತ್ತಿದ್ದಾಗ, "ನಂಗೆ ಸಕ್ರೆ ಇಳಿದೈತೆ, ನೀನೇ ಹಾಕ್ಕಳವ್ವ" ಅಂತ ನೀನು ಸುಳ್ಳು ಹೇಳಿದೆ. ನೀನು ಹೊಸದುರ್ಗದ ಸಂತೆಯಲ್ಲಿ ತಲೆ ತಿರುಗಿ ಬಿದ್ದ ಮೇಲೇ ನನಗೆ ಗೊತ್ತಾಗಿದ್ದು. ಇನ್ನೊಮ್ಮೆ ಹಾಗೆ ಮಾಡಿದರೆ ಮಾತು ಬಿಡುತ್ತೇನೆ, ನೋಡು.

ನಿನ್ನೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ತಿಂಗಳಾ ತಿಂಗಳಾ ಬರ್ರಿ, ಇಬ್ರಿಗೂ ಪುಕ್ಕಟೆ ಕೊಡ್ತೀವಿ" ಅಂದಾಗ ನೀನು ಅಲ್ಲೇ ಕುಣಿದುಬಿಟ್ಟೆಯಲ್ಲ, ನರ್ಸಮ್ಮನೂ ಚಪ್ಪಾಳೆ ತಟ್ಟಿದರು. ಬಸ್ಸಿನಲ್ಲಿ ಅದನ್ನೇ ನೆನೆದು ಒಬ್ಬಳೇ ನಗುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ.

ಮೌನಿಕಾ