ಅಮ್ಮನ ತವುಡಿನ ಭರಣಿ

ಕೊಕುರಾ
ಅಕ್ಟೋಬರ್ ೯

ಪ್ರೀತಿಯ ಮಿತ್ಸು ಅಕ್ಕ,

ಉತ್ತರದ ನಿಮ್ಮ ಊರಿನ ಚಳಿಗೆ ಆಗಲೇ ಸ್ವೆಟರ್‌ಗಳು ಹೊರಬಿದ್ದಿರಬೇಕು. ನಿನ್ನ ಮಂಡಿನೋವು ಹೇಗಿದೆ? ಭಾವನ ಕೆಮ್ಮು ಇಳಿಯಿತೇ? ಅಮ್ಮನ ಸೊಂಟದ ಮೂಳೆ ಕೂಡಿಕೊಂಡಿತೆಂದು ಓದಿ ಹಗುರಾದೆ. ಆದರೆ ಅವಳು ತಟ್ಟೆ ಪಕ್ಕಕ್ಕೆ ತಳ್ಳಿ, "ನಮ್ಮ ಭರಣಿ ತವುಡಲ್ಲಿ ಹೂತಿಟ್ಟ ಸೌತೆಕಾಯಿ ಇದ್ರೆ ಕೊಡು, ಇಲ್ದಿದ್ರೆ ಬೇಡ" ಅನ್ನುತ್ತಾಳೆಂದು ಬರೆದಿದ್ದೀಯಲ್ಲ, ಅದನ್ನು ಮೂರು ಸಲ ಓದಿದೆ. ಒಂದು ಮುಷ್ಟಿ ಹುಳಿ ತವುಡು ಕಳಿಸು, ಇಲ್ಲೇ ಹೊಸ ತವುಡು ಬೆರೆಸಿ ಬೆಳೆಸಿಕೊಳ್ಳುತ್ತೇನೆ ಎಂದು ನೀನು ಬರೆದಿದ್ದೆ. ಈ ಕಾಗದದ ಜೊತೆಗಿರುವ ಡಬ್ಬಿಯಲ್ಲಿ ತವುಡಿದೆ. ಆದರೆ ಅದು ಅಮ್ಮನ ಭರಣಿಯದಲ್ಲ ಅಕ್ಕ. ಅಲ್ಲಿಗೆ ಬರುವಾಗ ಅಮ್ಮ ನನಗೊಪ್ಪಿಸಿದ ಭರಣಿಯದು ಆಗಸ್ಟಿನಲ್ಲೇ ಕೆಟ್ಟುಹೋಯಿತು.

ಹಿರಿಯರ ಹಬ್ಬದ ಗಡಿಬಿಡಿಯಲ್ಲಿ ದಿನವೂ ತವುಡಿಗೆ ಕೈ ಹಾಕಿ ಕಲಸುವುದನ್ನು ಮರೆತುಬಿಟ್ಟೆ. ಹತ್ತನೆಯ ದಿನ ಮುಚ್ಚಳ ತೆಗೆದರೆ ಮೇಲೆಲ್ಲ ಕಪ್ಪು ಬೂಷ್ಟು, ಪೇಂಟ್ ಅಂಗಡಿಯಂಥ ವಾಸನೆ. ಅಜ್ಜಿ ಮದುವೆಯಾಗಿ ಬರುವಾಗ ತಂದಿದ್ದ ತವುಡನ್ನು ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿದೆ. ಆಮೇಲೂ ಪ್ರತಿ ಭಾನುವಾರ ಅಮ್ಮ ಫೋನಿನಲ್ಲಿ, "ಇವತ್ತು ಕೈ ಹಾಕಿದ್ಯೇನೇ?" ಅಂದಾಗಲೆಲ್ಲ "ಹಾಕ್ದೆ ಅಮ್ಮ, ಬುಡದವರ್ಗೂ" ಅನ್ನುತ್ತಲೇ ಬಂದೆ. ನನಗೆ ನಾಚಿಕೆಯಾಗಬೇಕು. ಆಗಿದೆ ಕೂಡ.

ಭರಣಿ ತೊಳೆಯುವಾಗ ತಳದಲ್ಲಿ ಮೊಳೆಗಳ ಪುಟ್ಟ ಗಂಟು ಸಿಕ್ಕಿತು, ಬದನೆಯ ಬಣ್ಣ ಕೆಡದಿರಲೆಂದು ಅಮ್ಮ ಹಾಕುತ್ತಿದ್ದಳಲ್ಲ, ಅದು. ಮೂಸಿದೆ. ಕಬ್ಬಿಣ, ಉಪ್ಪು, ನಾಲಿಗೆ ಜುಮ್ಮೆನಿಸುವ ಜುಮ್ಮನಕಾಯಿ. ಅಲ್ಲೇ ಕುಕ್ಕರಿಸಿ ಕುಳಿತುಬಿಟ್ಟೆ. ಬೆಳಿಗ್ಗೆ ತವುಡು ಕಲಸಿದ ಕೈಯನ್ನು ಸುಮ್ಮನೆ ಒರೆಸಿಕೊಂಡು ಅವಳು ನಮಗೆ ಜಡೆ ಹಾಕುತ್ತಿದ್ದಳು. ಶಾಲೆಯಲ್ಲಿ ಇಡೀ ದಿನ ಜಡೆಗೆ ಅದೇ ವಾಸನೆ, "ನಾವಿಬ್ರೂ ನಡೆದಾಡೋ ಉಪ್ಪಿನಕಾಯಿ ಕಣೇ" ಅಂತ ನೀನು ನಗುತ್ತಿದ್ದೆ. ಜ್ವರ ಬಂದಾಗ ಕಣ್ಣು ಮುಚ್ಚಿಕೊಂಡಿದ್ದರೂ ಹಣೆಯ ಮೇಲಿರುವುದು ಅಮ್ಮನ ಕೈಯೆಂದು ತಿಳಿಯುತ್ತಿತ್ತು. ಭರಣಿಯನ್ನು ತೋರಿಸಿ ಅವಳು ಹೇಳುತ್ತಿದ್ದದ್ದು ನೆನಪಿದೆಯೇ? "ಇವ್ಳು ನಿಮ್ಮಿಬ್ರಿಗಿಂತ ದೊಡ್ಡೋಳು, ಮರ್ಯಾದೆ ಕೊಡಿ. ಇವತ್ತು ಮುನಿಸ್ಕೊಂಡಿದ್ದಾಳೆ, ಉಪ್ಪು ಬೇಕಂತೆ."

ನಿನ್ನ ಕಾಗದ ಬಂದ ಮೇಲೆ ಪಕ್ಕದ ಮನೆಯ ತೊಕುನಾಗಾ ಅತ್ತೆಯ ಬಾಗಿಲಿಗೆ ಹೋದೆ. ಮೂವತ್ತು ವರ್ಷದ ಹಿಂದೆ ಅಮ್ಮ ಅವರಿಗೆ ಒಂದು ಮುಷ್ಟಿ ಕೊಟ್ಟಿದ್ದಳು. "ನಿಮ್ಮಮ್ಮ ಕೊಟ್ಟಿದ್ದು ಇಷ್ಟೇ ಇಷ್ಟು, ನೋಡು ಈಗ ಭರಣಿ ತುಂಬ. ದಿನಾ ಒಂದ್ಸಲ ಕೈಯಾಡ್ಸಿದ್ರೆ ನಿನ್ ಕೈ ಸವ್ದು ಹೋಗ್ತಿತ್ತೇನೇ?" ಎಂದು ಚೆನ್ನಾಗಿಯೇ ನೀರಿಳಿಸಿದರು. ಕೊಟ್ಟರು. ಮೂಲ ಅಮ್ಮನದೇ ಆದರೂ ಕೈ ಬೇರೆ, ಖಾರವೂ ಹೆಚ್ಚು. ಡಬ್ಬಿಯಲ್ಲಿಟ್ಟಿರುವ ಮೊಳೆಯ ಗಂಟು ಮಾತ್ರ ನಮ್ಮ ಭರಣಿಯದು. ಅಮ್ಮ ಒಂದು ತುಂಡು ತಿಂದರೂ ತಕ್ಷಣ ತಿಳಿಸು.

ಭಾವನಿಗೆ ನಮಸ್ಕಾರ. ಅಮ್ಮನ ಕಾಲು ತಣ್ಣಗಾಗದಂತೆ ನೋಡಿಕೋ.

ನಿನ್ನ ತಂಗಿ,
ಕಿನುಯೆ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ. ಮರೆತುಬಿಟ್ಟೆ ಅಂದದ್ದು ಸುಳ್ಳು. ನಾನು ಕೆಲಸ ಮಾಡುವ ಅಂಗಡಿಯಲ್ಲಿ ಮದುಮಗಳೊಬ್ಬಳಿಗೆ ಕಿಮೋನೋ ಉಡಿಸಿ ಕೊರಳಪಟ್ಟಿ ಸರಿಪಡಿಸುತ್ತಿದ್ದಾಗ ಅವಳು ಮೂಗು ಮುಚ್ಚಿಕೊಂಡು ಮುಖ ಆಚೆ ತಿರುಗಿಸಿದಳು. ಆಮೇಲೆ ಒಂಬತ್ತು ದಿನವೂ ಭರಣಿಯ ಮುಂದೆ ನಿಂತೆ, ಮುಚ್ಚಳ ತೆಗೆಯಲಿಲ್ಲ. ಮರೆತದ್ದಾದರೆ ಅಮ್ಮ ಕ್ಷಮಿಸುತ್ತಾಳೆಂದು ಹಾಗೆ ಬರೆದೆ. ಅವಳಿಗೆ ಓದಿ ಹೇಳುವಾಗ ಇದನ್ನೂ ಓದು. ನನ್ನ ಕೈಗೆ ಅಮ್ಮನ ಕೈಯ ವಾಸನೆ ಬರುವುದು ನನಗೆ ಬೇಡವಾಗಿತ್ತು.