ಎಸಳು ಬೀಳದ ಚುನಾವಣೆ

ಹೊಸಗಜನಿ, ವಾಶ್ ಕೊಲ್ಲಿ, ಬ್ರಿಟನ್
ವಿಜಯ ಸಂವತ್ಸರ, ಇಂಗ್ಲಿಷ್ ಲೆಕ್ಕದಲ್ಲಿ ೨೧೯೪, ಫೆಬ್ರವರಿ ಮೂವತ್ತು

ಅಘನಾಶಿನಿ ಹೊಳೆಯ ಬಾಯಲ್ಲಿ ಉಪ್ಪುನೀರಿನ ಗಜನಿ ಗದ್ದೆ ಮಾಡಿಕೊಂಡಿರುವ ನನ್ನ ಹಿರಿಯರಿಗೆ, ನಿಮ್ಮಿಂದ ಏಳನೆಯ ತಲೆಯವಳಾದ ಹೊನ್ನಮ್ಮ ಅಡ್ಡಬಿದ್ದು ಬರೆಯುವುದು.

ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತು ಎಂದು ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕವನ್ನು ವರ್ಷದ ಕೊನೆಗೆ ಕಟ್ಟಿ ರಜೆ ಕೊಡುತ್ತಾರೆ. ನನ್ನ ಮಾತಿನಲ್ಲೂ ನಿಮಗೆ ವಿಚಿತ್ರವೆನಿಸುವವು ಬರುತ್ತವೆ, ಕ್ಷಮಿಸಿ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು, ಗೊತ್ತಿರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಬದುಕಿರುವವರ ಎದುರು ಪೂರ್ತಿ ಹೇಳಲಾಗದ ತಪ್ಪನ್ನು ಹಿರಿಯರಿಗೆ ಬರೆದು ಗುಡಿಯ ಅಮ್ಮನ ಪೀಠದಡಿ ಇಡುವುದು ನಮ್ಮ ಊರಿನ ವಾಡಿಕೆ. ಇಲ್ಲಿಟ್ಟ ಕಾಗದ ನೂರೆಪ್ಪತ್ತು ವರ್ಷ ಹಿಂದಕ್ಕೆ ಹೇಗೆ ಹೋಗುತ್ತದೆ ಎಂದು ನಾನು ಯಾರನ್ನೂ ಕೇಳಿಲ್ಲ. ಹೋಗುತ್ತದೆ ಎಂದು ನಂಬಿದ್ದೇನೆ.

ಮೊದಲು ನಾವು ಇಲ್ಲಿಗೆ ಹೇಗೆ ಬಂದೆವೆಂದು ತಿಳಿಸಬೇಕು. ಇಂಗ್ಲೆಂಡಿನ ಪೂರ್ವದ ತಗ್ಗು ನೆಲಕ್ಕೆ ಕಡಲು ನುಗ್ಗಿದಾಗ, ಉಪ್ಪುನೀರಿನ ಜೊತೆ ಬದುಕಲು ಗೊತ್ತಿರುವವರು ಬೇಕೆಂದು ಇವರು ದೇಶದೇಶ ಹುಡುಕಿದರು. ಒಡ್ಡು ಕಟ್ಟಿ, ತೂಬಿನ ಹಲಗೆ ಏರಿಸಿ ಇಳಿಸಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ನಿಮ್ಮ ಮೊಮ್ಮಕ್ಕಳನ್ನು ಹಡಗಿನಲ್ಲಿ ಕರೆತಂದರು. ಅವರು ಬರುವಾಗ ಬಿತ್ತನೆಯ ಭತ್ತದ ಜೊತೆ ಒಡ್ಡಿನ ಅಮ್ಮನ ಕಲ್ಲನ್ನೂ ತಂದರು. ಈಗ ನಾವು ಇನ್ನೂರಾರು ಮತದಾರರು. ಬೇಸಿಗೆಯಲ್ಲಿ ಗದ್ದೆ, ಚಳಿಗಾಲದಲ್ಲಿ ಸಿಗಡಿ. ಮನೆಗಳು ಕಂಬದ ಮೇಲಿವೆ, ನೆರೆಮನೆಗೆ ಹೋಗಲೂ ದೋಣಿ ಬೇಕು. ಬೆಚ್ಚಗಿರುವುದಕ್ಕೆ ಊರಿಗೆ ದಿನಕ್ಕಿಷ್ಟೆಂದು ಬಿಸಿನೀರು ಕೊಳವೆಯಲ್ಲಿ ಬರುತ್ತದೆ. ಅದಕ್ಕೆ ಬಿಸಿಪಾಲು ಎನ್ನುತ್ತೇವೆ. ಮನೆ, ಶಾಲೆ, ಗುಡಿ ಎಲ್ಲಕ್ಕೂ ಅದನ್ನೇ ಹಂಚಿಕೊಳ್ಳಬೇಕು.

ಕೊಲ್ಲಿಯ ಬಾಯಲ್ಲಿ ಸರಕಾರದ ಹೆಬ್ಬಾಗಿಲು ಒಂದಿದೆ. ಮಾರ್ಚಿನಲ್ಲಿ ಹಗಲು ರಾತ್ರಿ ಸಮವಾಗುವ ಹೊತ್ತಿಗೆ ವರ್ಷದ ಅತಿ ದೊಡ್ಡ ಭರತ ಬರುತ್ತದೆ, ಕಡಲು ಉಕ್ಕಿ ಒಳನುಗ್ಗುತ್ತದೆ. ಅದಕ್ಕೆ ಮುಂಚೆ ಮಂತ್ರಿಯ ಸಹಿ ಬಿದ್ದರೆ ಮಾತ್ರ ಆ ಬಾಗಿಲು ಮುಚ್ಚುತ್ತದೆ, ಕೈಯಿಂದ ತಳ್ಳಿದರೆ ಅಲುಗುವಂಥದ್ದಲ್ಲ. ಈ ಸಲದ ಚುನಾವಣೆ ನಡೆದದ್ದೇ ಇದರ ಮೇಲೆ. ಒಡ್ಡಿನ ಪಕ್ಷದವರು, ಬಾಗಿಲು ಮುಚ್ಚಿ ನೆಲ ಉಳಿಸುತ್ತೇವೆ ಎಂದರು. ಏರುವ ಪಕ್ಷದವರು, ಕಡಲಿನ ಜೊತೆ ಜಗಳ ಸಾಕು, ದೋಣಿ ಕಳಿಸಿ ನಿಮ್ಮನ್ನೆಲ್ಲ ದಿಬ್ಬದ ಮೇಲಿನ ಮನೆಗಳಿಗೆ ಒಯ್ಯುತ್ತೇವೆ ಎಂದರು. ಎರಡೂ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಊರು ಸರಿಯಾಗಿ ಎರಡು ಪಾಲಾಯಿತು.

ಆದರೆ ಊರ ಮತ ಒಂದೇ ಎಂಬ ಕಟ್ಟಳೆಯನ್ನು ನಿಮ್ಮ ಮೊಮ್ಮಕ್ಕಳು ಹಡಗಿನಲ್ಲೇ ಮಾಡಿಕೊಂಡಿದ್ದರು. ಪರದೇಶದಲ್ಲಿ ಜಗಳವಾಡಬಾರದು, ಅಮ್ಮನ ಪ್ರಸಾದ ಕೇಳಿ ಎಲ್ಲರೂ ಒಬ್ಬರಿಗೇ ಹಾಕಬೇಕು ಎಂದು. ಪ್ರಸಾದ ನಿಮಗೆ ಗೊತ್ತೇ ಇದೆ. ಇಲ್ಲಿ ಅಡಿಕೆಯ ಸಿಂಗಾರ ಸಿಗದಿರುವುದರಿಂದ ಚಳಿಯಲ್ಲಿ ಅರಳುವ ಬಿಳಿ ಗಂಟೆಹೂವಿನ ಎಸಳನ್ನು ಗಂಧದ ನೀರಿನಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಹಚ್ಚುತ್ತೇವೆ. ಬಲದ್ದು ಮೊದಲು ಬಿದ್ದರೆ ಒಂದು ಮಾತು, ಎಡದ್ದು ಬಿದ್ದರೆ ಇನ್ನೊಂದು. ಮಧ್ಯಾಹ್ನದವರೆಗೆ ಯಾವುದೂ ಬೀಳದಿದ್ದರೆ ಆ ಕೆಲಸವನ್ನು ಅಮ್ಮ ಒಲ್ಲಳು ಎಂದು ಬಿಟ್ಟುಬಿಡುವುದು. ಮದುವೆಗೂ ಹಾಗೇ, ಹೊಸ ದೋಣಿಗೂ ಹಾಗೇ. ಪೂಜೆ ನಮ್ಮವರದು, ನನ್ನ ಗಂಡ ವೆಂಕು ಗುನಗರದು. ಗಂಧ ತೇಯುವುದು, ಹೂ ಆಯುವುದು ಇಪ್ಪತ್ತೆಂಟು ವರ್ಷದಿಂದ ನನ್ನ ಕೆಲಸ.

ಜನವರಿ ಹನ್ನೊಂದು, ಮತದ ದಿನ. ಇಲ್ಲಿ ಹಿಮ ಬಿದ್ದು ಇಪ್ಪತ್ತು ವರ್ಷವೇ ಆಗಿತ್ತು, ಆ ವಾರ ಮಾತ್ರ ಎಲ್ಲಿಂದಲೋ ಕೊರೆಯುವ ಚಳಿ ಬಂತು. ಮತ ಹಾಕಲು ಬರುವವರಿಗೆ ಕಷ್ಟವಾಗಬಾರದೆಂದು ಊರಿನವರೇ ಸೇರಿ ಗುಡಿಯ ಬಿಸಿಪಾಲನ್ನು ಎರಡು ದಿನಕ್ಕೆ ಆಚೆ ದಡದ ಮತದ ಮನೆಗೆ ತಿರುಗಿಸಿದ್ದರು. ಬೆಳಿಗ್ಗೆ ನಮ್ಮವರು ಎಸಳು ಹಚ್ಚಿ ಗಂಟೆ ಹಿಡಿದು ನಿಂತರು. ‘ತಾಯೇ, ಒಡ್ಡಿನ ಪಕ್ಷಕ್ಕಾದ್ರೆ ಬಲ ಕೊಡು, ಏರು ಪಕ್ಷಕ್ಕಾದ್ರೆ ಎಡ ಕೊಡು’ ಎಂದು ಕೇಳಿದರು. ಇನ್ನೂರು ಜನರ ಕಣ್ಣು ಆ ಎರಡು ಎಸಳಿನ ಮೇಲೆ. ಹತ್ತಾಯಿತು, ಹನ್ನೊಂದಾಯಿತು. ಊರ ಹಿರಿಯರಾದ ರಾಕು ಗೌಡರು, ‘ಯಂತಾ ವೆಂಕು, ನಿನ್ ಅಮ್ಮಂಗೂ ಇವ್ರ ಭಾಷಣ ಕೇಳಿ ತಲೆ ಕೆಟ್ಟಿತಾ?’ ಎಂದರು. ಜನ ನಕ್ಕರು. ಹನ್ನೆರಡಕ್ಕೆ ನಗು ನಿಂತಿತು. ಅಮ್ಮ ಒಲ್ಲಳು ಎಂದು ಎಲ್ಲರೂ ಮನೆಗೆ ಹೋಗಿ ಉಂಡು ಮಲಗಿದೆವು. ಒಂದು ದೋಣಿಯೂ ಆಚೆ ದಡಕ್ಕೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ವಿನಿಫ್ರೆಡ್ ದೋಣಿ ಹುಟ್ಟು ಹಾಕಿಕೊಂಡು ಬಂದಳು. ಮತದ ಮನೆ ನೋಡಿಕೊಳ್ಳುವ ಇಂಗ್ಲಿಷ್ ಹೆಂಗಸು ಅವಳು. ನಮ್ಮ ಶಾಲೆಯಲ್ಲೇ ಕಲಿತವಳು, ನನ್ನ ಬೆಂಚಿನವಳು. ದಡ ಮುಟ್ಟುವ ಮುಂಚೆಯೇ ಕೂಗಿದಳು. ‘ಹೊನ್ನಿ! ಎಲ್ಲ ಸತ್ರಿ ಅಂದ್ಕಂಡೆ ಕಣೇ! ನಾ ಒಬ್ಬಳೇ ಆ ಬಿಸಿಯಲ್ಲಿ ಕೂತು ಬೆಂದೋದೆ, ಒಂದು ನರಪಿಳ್ಳೆ ಬರ್ಲಿಲ್ಲ!’ ಆಮೇಲೆ ದಡಕ್ಕೆ ಬಂದು ಕೂತು ಫಲಿತಾಂಶ ಹೇಳಿದಳು. ದೇಶದಲ್ಲಿ ಒಡ್ಡಿನ ಪಕ್ಷಕ್ಕೆ ಮುನ್ನೂರು ಸ್ಥಾನ, ಏರುವ ಪಕ್ಷಕ್ಕೂ ಮುನ್ನೂರು. ಉಳಿದದ್ದು ಒಂದು, ನಮ್ಮದು. ನಮ್ಮ ಕ್ಷೇತ್ರದಲ್ಲಿ ಇಬ್ಬರಿಗೂ ಒಂಬತ್ತು ಸಾವಿರದ ನಾನ್ನೂರ ಹನ್ನೆರಡು. ಮೂರು ಸಲ ಎಣಿಸಿದರೂ ಅದೇ.

ನೀವು ನಂಬಲಾರಿರಿ. ನಾನೂ ನಂಬಲಿಲ್ಲ, ಇನ್ನೊಮ್ಮೆ ಹೇಳು ಎಂದೆ. ಅವಳು ಇನ್ನೊಮ್ಮೆ ಹೇಳಿದಳು. ನನ್ನ ಕೈಯಲ್ಲಿದ್ದ ಸಿಗಡಿಯ ಬುಟ್ಟಿ ನೀರಿಗೆ ಬಿತ್ತು, ಅದು ತೇಲಿಹೋಗುವುದನ್ನು ಇಬ್ಬರೂ ನೋಡುತ್ತ ಕೂತೆವು. ಆರು ಕೋಟಿ ಜನರ ದೇಶ ನಮ್ಮ ಇನ್ನೂರಾರು ಮಂದಿ ಉಂಡು ಮಲಗಿದ್ದಕ್ಕೆ ನಿಂತುಬಿಟ್ಟಿತ್ತು.

ನಿಮ್ಮ ಕಾಲದಲ್ಲೂ ಇಲ್ಲಿ ಒಂದೆರಡು ಸಲ ಯಾರಿಗೂ ಬಹುಮತ ಬರದೆ ಹೋಗಿತ್ತಂತೆ. ಆಗ ಅವರಿವರು ಕೂಡಿಕೊಂಡು ಸರಕಾರ ನಡೆಸಿದರಂತೆ. ಕ್ಷೇತ್ರದಲ್ಲಿ ಸಮ ಬಂದರೆ ಚೀಟಿ ಎತ್ತುತ್ತಿದ್ದರಂತೆ. ಈಗ ಕೂಡಿಕೊಳ್ಳುವವರೂ ಇಲ್ಲ, ಚೀಟಿಯೂ ಇಲ್ಲ. ಐವತ್ತು ದಿನದ ಮೇಲೆ ಆ ಕ್ಷೇತ್ರದಲ್ಲಿ ಮತ್ತೆ ಮತ ಹಾಕಿಸಬೇಕು, ಅದಕ್ಕೆ ಮರುಮತ ಎನ್ನುತ್ತಾರೆ. ಅಲ್ಲಿಯವರೆಗೆ ಇಬ್ಬರು ನಾಯಕರೂ ನಾನೇ ಪ್ರಧಾನಿ ಎನ್ನುತ್ತಿದ್ದಾರೆ. ಅರಸರಿಗೆ ಯಾರನ್ನು ಕರೆಯಬೇಕೆಂದು ತಿಳಿಯುತ್ತಿಲ್ಲ. ಹಳೆಯ ಮಂತ್ರಿ ಕುರ್ಚಿಯಲ್ಲಿದ್ದಾರೆ, ಪೆನ್ನು ಮುಟ್ಟುವ ಹಾಗಿಲ್ಲ. ನಮ್ಮಲ್ಲಿಗೆ ಬರುತ್ತಿದ್ದ ಡಾಕ್ಟರ ದೋಣಿ ನಿಂತು ತಿಂಗಳಾಯಿತು, ಹೊಸ ಮೇಷ್ಟರ ನೇಮಕ ನಿಂತಿತು. ಅದನ್ನೆಲ್ಲ ತಡೆದುಕೊಳ್ಳಬಹುದು. ಭರತಕ್ಕೆ ಇನ್ನು ಇಪ್ಪತ್ತೊಂದೇ ದಿನ. ಇವರು ಗೆದ್ದಿದ್ದರೆ ಬಾಗಿಲು ಮುಚ್ಚುತ್ತಿತ್ತು, ಅವರು ಗೆದ್ದಿದ್ದರೆ ದೋಣಿ ಬರುತ್ತಿತ್ತು. ಯಾರೂ ಗೆಲ್ಲದೆ ಬಾಗಿಲೂ ಇಲ್ಲ, ದೋಣಿಯೂ ಇಲ್ಲ. ಕಡಲು ಮಾತ್ರ ಹೇಳಿದ ದಿನಕ್ಕೆ ಬರುತ್ತದೆ.

ಈಗ ನನ್ನ ತಪ್ಪು. ಮತದ ದಿನದಿಂದ ಮೂರನೆಯ ಬೆಳಿಗ್ಗೆ ಗುಡಿಗೆ ಬಿಸಿಪಾಲು ಮರಳಿ ಬಂತು. ಅಲ್ಲಿಯವರೆಗೂ ಎಸಳು ಹಚ್ಚಿದ್ದು ಹಚ್ಚಿದಂತೆಯೇ ಇದ್ದವು. ಅಮ್ಮ ಮುನಿದಿದ್ದಾಳೆ, ಮುಟ್ಟುವುದು ಬೇಡ ಎಂದು ನಮ್ಮವರು ಬಿಟ್ಟಿದ್ದರು. ನಾನು ಒಬ್ಬಳೇ ಗುಡಿಸುತ್ತಿದ್ದೆ. ಕಲ್ಲು ಬೆಚ್ಚಗಾಗುತ್ತಿದ್ದಂತೆ ಅಮ್ಮನ ಭುಜದಿಂದ ನೀರು ಇಳಿಯತೊಡಗಿತು. ಬೆರಳು ಇಟ್ಟು ನೋಡಿದೆ. ಗಂಧದ ನೀರು ಗಾಜಿನಂತೆ ಹೆಪ್ಪುಗಟ್ಟಿ ಎಸಳನ್ನು ಹಿಡಿದುಕೊಂಡಿತ್ತು. ನಾನು ನೋಡುತ್ತಿದ್ದ ಹಾಗೇ ಎರಡೂ ಎಸಳು ಒಟ್ಟಿಗೆ ಜಾರಿ ಅಮ್ಮನ ಪಾದದಲ್ಲಿ ಬಿದ್ದವು. ಪೊರಕೆ ಬದಿಗಿಟ್ಟು ಎರಡನ್ನೂ ಆಯ್ದುಕೊಂಡೆ. ಅಮ್ಮ ಒಲ್ಲೆ ಎಂದಿರಲಿಲ್ಲ. ಅವಳಿಗೆ ಹೇಳಲು ನಾವು ಬಿಟ್ಟೇ ಇರಲಿಲ್ಲ.

ನಲವತ್ತು ದಿನಕ್ಕೂ ಹೆಚ್ಚು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಹೇಳಿದರೆ ನಮ್ಮವರ ಮರ್ಯಾದೆ ಹೋಗುತ್ತದೆ, ಅಮ್ಮನದೂ ಹೋಗುತ್ತದೆ ಎಂಬ ಹೆದರಿಕೆ. ನಾಲ್ಕು ದಿನದ ಹಿಂದೆ, ಮರುಮತಕ್ಕೆ ಮತ್ತೆ ಪ್ರಸಾದ ಕೇಳುವುದೆಂದು ಊರು ಗುಡಿಯಲ್ಲಿ ಸೇರಿತು. ನಮ್ಮವರು ಎಸಳು ತಾ ಎಂದರು. ಕೊಡಲಿಲ್ಲ, ಎಲ್ಲರ ಎದುರು ಹೇಳಿಬಿಟ್ಟೆ. ರಾಕು ಗೌಡರು, ‘ಹಂಗಾರೆ ಅಡ್ಡಿಲ್ಲ. ಈ ಸಲ ಕೆಂಡದ ಮಡಕೆ ಇಟ್ಕಂಡು ಕೇಳ್ವ’ ಎಂದರು. ತಕ್ಷಣ ಹಿಂದಿನಿಂದ ಒಬ್ಬ, ‘ಮಡಕೆ ಯಾವ ಬದಿಗೆ ಇಡುದು, ಗೌಡ್ರೆ?’ ಎಂದ. ‘ಬಲಕ್ಕೆ’ ಎಂದರು ನೆಲ ಬಿಡಲೊಲ್ಲದವರು. ‘ಯಂತಕ್ಕೆ? ಎಡಕ್ಕೆ!’ ಎಂದರು ದಿಬ್ಬ ಬೇಕೆನ್ನುವವರು. ‘ನಡೂಕೆ ಇಡಿ’ ಎಂದವನನ್ನು ಎರಡೂ ಕಡೆಯವರು ಬೈದರು. ತಂದಿಟ್ಟ ಮಡಕೆಯನ್ನೇ ಎಳೆದಾಡಿ ಒಡೆದರು. ಕೆಂಡ ಅಮ್ಮನ ಮುಂದೆ ಚೆಲ್ಲಿತು.

ನಮ್ಮವರು ಬಾಗಿ ಬರಿಗೈಯಲ್ಲಿ ಆ ಕೆಂಡವನ್ನು ಒಂದೊಂದಾಗಿ ಆರಿಸಿ ಹೊರಗೆ ಎಸೆದರು. ಆಮೇಲೆ ಅಮ್ಮನಿಗೆ ಸೀರೆ ಹೊದಿಸಿ, ‘ಈ ಕೆಲ್ಸಕ್ಕೆ ನಾ ಹೂ ಹಚ್ಚುದಿಲ್ಲ. ನಿಮ್ ನಿಮ್ ತಲೆ ನೀವೇ ಕೇಳ್ಕಣಿ’ ಎಂದರು. ಜನ ಹೆದರಿಹೋದರು. ಐವತ್ತು, ಅರವತ್ತು ವರ್ಷದವರಿಗೆ ತಮಗೇನು ಬೇಕೆಂದು ಗೊತ್ತಿರಲಿಲ್ಲ, ಗೊತ್ತಿದ್ದರೂ ಹೇಳಿ ಅಭ್ಯಾಸವಿರಲಿಲ್ಲ. ಮರುಮತದ ಸುದ್ದಿ ಹೇಳಲು ಬಂದಿದ್ದ ವಿನಿಫ್ರೆಡಳನ್ನು ಹೆಂಗಸರೆಲ್ಲ ಸುತ್ತುವರಿದು, ‘ಒಬ್ಬೊಬ್ಬರೇ ಒಳಗೆ ಹೋಗ್ಬೇಕನೇ? ಹೊರಗೆ ಬಂದ್ ಮೇಲೆ ಹೇಳ್ಬೇಕಾ?’ ಎಂದು ಕೇಳಿದ್ದೇ ಕೇಳಿದ್ದು. ‘ಹೇಳ್ಬೇಡಿ ಅಂತ ತಾನೇ ಪರದೆ ಕಟ್ಟುದು!’ ಎಂದು ಅವಳು ಹಣೆ ಚಚ್ಚಿಕೊಂಡಳು.

ಇನ್ನೊಂದು ಮಾತಿದೆ, ಅದನ್ನು ಊರಿನೆದುರು ಹೇಳಲಿಲ್ಲ. ಮತದ ದಿನ ಗಂಧ ತೇಯುವಾಗ ನಾನು ಮನಸ್ಸಿನಲ್ಲೇ, ತಾಯೇ, ಏನೂ ಹೇಳಬೇಡ ಎಂದು ಬೇಡಿಕೊಂಡಿದ್ದೆ. ನನಗೆ ಈ ನೆಲ ಬಿಡಲು ಮನಸ್ಸಿಲ್ಲ. ನಮ್ಮವರು ಏರುವ ಪಕ್ಷದವರು ಹಂಚಿದ ದಿಬ್ಬದ ಮನೆಗಳ ಚಿತ್ರವನ್ನು ಎರಡು ಸಲ ಬಿಚ್ಚಿ ನೋಡಿ ಮಡಿಸಿಟ್ಟದ್ದನ್ನು ಕಂಡಿದ್ದೆ. ಯಾವ ಎಸಳು ಬಿದ್ದರೂ ನಮ್ಮಿಬ್ಬರಲ್ಲಿ ಒಬ್ಬರು ಸೋಲುತ್ತಿದ್ದೆವು. ಬೀಳದೆ ಇದ್ದಾಗ ಅಮ್ಮ ನನ್ನ ಮಾತು ಕೇಳಿದಳೆಂದು ಒಳಗೊಳಗೇ ಹಿಗ್ಗಿದೆ. ದೇಶ ನಿಂತಾಗ ನಾನೇ ನಿಲ್ಲಿಸಿದೆ ಎಂದು ನಡುಗಿದೆ. ಅದು ಬರಿಯ ಚಳಿ ಎಂದು ತಿಳಿದಾಗ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಾಗೆ ಬೇಡಿಕೊಂಡವಳು ನಾನೇ ತಾನೇ.

ನಿನ್ನೆ ಅವರ ಸುಟ್ಟ ಕೈಗೆ ಬೆಣ್ಣೆ ಹಚ್ಚುತ್ತ, ನಿಮಗೆ ಏನು ಬೇಕು ಎಂದು ಕೇಳಿದೆ. ಇಪ್ಪತ್ತೆಂಟು ವರ್ಷದಲ್ಲಿ ಅದೇ ಮೊದಲು. ‘ನಂಗೆ ಕೆಸರಿನಲ್ಲಿ ಇಳಿಯುಕೆ ಆಗುದಿಲ್ಲ ಹೊನ್ನಿ. ಮಂಡಿ ಸತ್ತು ನಾಲ್ಕು ವರ್ಷ ಆಯ್ತು. ಹೇಳುಕೆ ನಾಚ್ಕೆ’ ಎಂದರು. ನನಗೆ ಅಳು ಬಂತು. ಹಾಗಾದರೆ ನಾನೂ ದಿಬ್ಬಕ್ಕೇ ಹಾಕುತ್ತೇನೆ ಎಂದೆ. ಅವರಿಗೆ ಸಿಟ್ಟು ಬಂತು. ‘ಮತ್ತೆ ಅದೇಯಾ? ನೀ ನಿಂಗೆ ಬೇಕಾದ್ದಕ್ಕೆ ಹಾಕು, ನಾ ನಂಗೆ ಬೇಕಾದ್ದಕ್ಕೆ ಹಾಕ್ತೆ. ಅಷ್ಟಕ್ಕೆ ಸಾಯ್ತ್ವನೇ?’

ಹಿರಿಯರೇ, ನಾನು ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಮೊಮ್ಮಕ್ಕಳು ಹಡಗು ಹತ್ತುವಾಗ ಅಮ್ಮನನ್ನು ಖಂಡಿತ ಕೊಟ್ಟು ಕಳಿಸಿ, ಅವಳಿಲ್ಲದೆ ನಾವಿಲ್ಲಿ ಒಂದು ವರ್ಷವೂ ಬಾಳುತ್ತಿರಲಿಲ್ಲ. ಊರ ಮತ ಒಂದೇ ಎಂಬ ಕಟ್ಟಳೆಯನ್ನು ಮಾತ್ರ ಅವರು ಮಾಡಿಕೊಳ್ಳದ ಹಾಗೆ ಈಗಲೇ ಬುದ್ಧಿ ಹೇಳಿ. ಆಗದಿದ್ದರೆ ನಮಗಾಗಿ ಒಂದು ದೀಪವಾದರೂ ಹಚ್ಚಿ. ನಾಳೆ ಮರುಮತ. ಯಾರು ಗೆಲ್ಲುತ್ತಾರೋ, ಗೆದ್ದವರು ಇಪ್ಪತ್ತು ದಿನದೊಳಗೆ ಸಹಿ ಹಾಕುತ್ತಾರೋ ಇಲ್ಲವೋ, ನನಗೆ ತಿಳಿಯದು. ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಹೊರಡುತ್ತೇವೆ. ಅವರ ಕೈ ಸುಟ್ಟಿರುವುದರಿಂದ ಹುಟ್ಟು ನಾನೇ ಹಾಕಬೇಕು. ನನಗೆ ಬೇಡದ ಮತವನ್ನು ನಾನೇ ಆಚೆ ದಡಕ್ಕೆ ಮುಟ್ಟಿಸಿ, ನನ್ನದನ್ನೂ ಹಾಕಿ ಬರುತ್ತೇನೆ.