ತುಕ್ಕುರಾಯನ ಮುಖ

ಫೆಬ್ರವರಿ 3, ಸೋಮವಾರ

ಇದುವರೆಗೆ ಯಾರಿಗೂ ಹೇಳಿಲ್ಲ. ನನ್ನ ಚಿತ್ರಗಳ ಖಳ ತುಕ್ಕುರಾಯನ ಮುಖ ನಾನು ಕಲ್ಪಿಸಿಕೊಂಡದ್ದಲ್ಲ. ಅಮ್ಮ ಯಾರನ್ನು ಎರಡನೇ ಮದುವೆಯಾದಳೋ ಅವರ ಮುಖ. ನಡುವೆ ಸೀಳಿದ ಎಡಹುಬ್ಬು, ಹೊರಕ್ಕೆ ಚಾಚಿದ ಕಿವಿ, ಗದ್ದದ ಗುಳಿ – ಎಲ್ಲ ಅವರದೇ.

ನಾನು ಕೆಲಸಕ್ಕೆ ಹೋಗುವ ಪ್ರಿಂಟಿಂಗ್ ಅಂಗಡಿಯಲ್ಲಿ ಬೆಳಗಿನಿಂದ ತುಕ್ಕುರಾಯನದೇ ಕೆಲಸ. ಬಣ್ಣ ತುಂಬುವ ಹಾಳೆ, ಕತ್ತರಿಸಿ ನಿಲ್ಲಿಸುವ ಗೊಂಬೆ, ಬೆರಳಿಗೆ ಸಿಕ್ಕಿಸುವ ಗೊಂಬೆ. ಅಂಗಡಿ ನಡೆಸುವ ಅಕ್ಕ ಎಲ್ಲವನ್ನೂ ವೆಬ್‌ಸೈಟಿಗೆ ಹಾಕುತ್ತಾರೆ. ಯಾರು ಬೇಕಾದರೂ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದುಕೊಳ್ಳಬಹುದು. ನಾನು ಬರೆದ ಹೀರೋಗಳನ್ನು ಕೇಳುವವರಿಲ್ಲ. ಹೀರೋನ ಅಂಗಿಗೆ ಇಂಥದೇ ಬಣ್ಣ ಅಂತಿರುತ್ತದೆ, ತಪ್ಪಿದರೆ ಪಕ್ಕದಲ್ಲಿ ಕುಳಿತವನು ನಗುತ್ತಾನೆ. ಖಳನಿಗೆ ಏನು ಬಳಿದರೂ ನಡೆಯುತ್ತದೆ.

ತುಕ್ಕುರಾಯ ಮುಟ್ಟಿದ್ದೆಲ್ಲ ತುಕ್ಕು ಹಿಡಿಯುತ್ತದೆ. ಅಮ್ಮನ ಗಂಡ ಲಿಫ್ಟ್ ಮೆಕ್ಯಾನಿಕ್. ಕೈತುಂಬ ಗ್ರೀಸು, ತುಕ್ಕಿನ ಪುಡಿ. ಅಲ್ಲಿಂದ ಹೊಳೆದದ್ದು.


ಫೆಬ್ರವರಿ 6, ಗುರುವಾರ

ಊಟಕ್ಕೆ ಕುಳಿತಾಗ ಅಮ್ಮನದು ಮತ್ತೆ ಅದೇ ರಾಗ.

“ಚಿಕ್ಕಪ್ಪ ಅಂತಾದ್ರೂ ಕರಿಯೇ. ನಿನ್ ಬಾಯೇನು ಸವೆಯಲ್ಲ.”

“ಬಿಡೆ, ‘ಇಲ್ಲಿ ಕೇಳಿ’ ಅಂತಾಳಲ್ಲ, ಸಾಕು,” ಅಂದರು ಅವರು. “ಆಫೀಸಲ್ಲಿ ನಂಗೆ ಅಷ್ಟು ಮರ್ಯಾದೆನೂ ಇಲ್ಲ.”

ತಮ್ಮ ನಕ್ಕು ಅನ್ನ ನೆತ್ತಿಗೇರಿಸಿಕೊಂಡ. ಅವನಿಗೆ ಏಳು ವರ್ಷ. ನಮ್ಮಪ್ಪ ಸತ್ತಾಗ ತೀರ ಚಿಕ್ಕವನು, ಮುಖ ನೆನಪಿಲ್ಲ. ಇವರು ಬಂದ ವಾರಕ್ಕೇ ‘ಅಪ್ಪ’ ಅಂದುಬಿಟ್ಟ.

ಇವರು ಕೆಟ್ಟವರಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಹನ್ನೊಂದನೇ ಕ್ಲಾಸಿನ ನಡುವೆ ಸ್ಕೂಲು ಬಿಟ್ಟು ಬಂದಾಗ ಅಮ್ಮ ಮೂರು ಹೊತ್ತೂ ಬೈದಳು. ಇವರು ಬೈಯಲಿಲ್ಲ. ಕಿಟಕಿಯ ಕೆಳಗೆ ಹಲಗೆ ಹೊಡೆದು, “ಡ್ರಾಯಿಂಗಿಗೆ ಇರ್ಲಿ” ಅಂದರು. ಆ ಹಲಗೆಯ ಮೇಲೇ ತುಕ್ಕುರಾಯನನ್ನು ಬರೆದೆ. ಕೆಟ್ಟವರಾಗಿದ್ದರೆ ಸುಲಭವಿತ್ತು.


ಫೆಬ್ರವರಿ 12, ಬುಧವಾರ

ದೊಡ್ಡ ಅಪಾರ್ಟ್‌ಮೆಂಟಿನಿಂದ ಆರ್ಡರ್. ಹುಟ್ಟುಹಬ್ಬಕ್ಕೆ ಬರುವ ಮಕ್ಕಳಿಗೆಲ್ಲ ತುಕ್ಕುರಾಯನ ಮುಖವಾಡ, ದಪ್ಪ ಕಾರ್ಡಿನಲ್ಲಿ. ಕಿವಿಯ ಹತ್ತಿರ ಎಲಾಸ್ಟಿಕ್.

ನಿಜವಾದ ಅಳತೆ ಬರಲಿ ಅಂತ ಮನೆಯಲ್ಲಿ ಅವರ ಕನ್ನಡಕವನ್ನು ಹಾಳೆಯ ಮೇಲೆ ಮಗುಚಿ, ಗಾಜಿನ ನಡುವಿಗೆ ಪೆನ್ಸಿಲ್ ಇಟ್ಟು, ಕಣ್ಣಿನ ತೂತು ಗುರುತಿಸಿದೆ. ಅವರು ಸ್ನಾನಕ್ಕೆ ಹೋಗಿದ್ದರು. “ನನ್ ಕನ್ನಡಕ ಎಲ್ಲೇ?” ಅಂತ ಒಳಗಿನಿಂದ ಕೂಗು. ಒರೆಸಿ, ಇದ್ದಲ್ಲೇ ಇಟ್ಟೆ.


ಫೆಬ್ರವರಿ 17, ಸೋಮವಾರ

ಅಂಗಡಿಗೆ ಕಂಪ್ಲೇಂಟ್. ಮುಖವಾಡ ಹಾಕಿಕೊಂಡ ಮಕ್ಕಳಿಗೆ ಏನೂ ಕಾಣಲಿಲ್ಲವಂತೆ. ಕೇಕ್ ಇಟ್ಟಿದ್ದ ಮೇಜಿಗೇ ಇಬ್ಬರು ಡಿಕ್ಕಿ ಹೊಡೆದರಂತೆ.

ಅಕ್ಕ ಒಂದು ಮುಖವಾಡ ಎತ್ತಿ ಸ್ಕೇಲ್ ಇಟ್ಟು ನೋಡಿದರು.

“ಮಕ್ಕಳ ಕಣ್ಣು ಇಷ್ಟು ದೂರ ಇರತ್ತೇನೇ? ಒಂದ್ ತೂತಿಗೆ ಕಣ್ಣಿಟ್ರೆ ಇನ್ನೊಂದಕ್ಕೆ ಕಿವಿ ಇಡ್ಬೇಕು! ಇದ್ಯಾವ ದೊಡ್ಡಮನುಷ್ಯನ ಅಳತೆ?”

“ಮನೇಲಿರೋರದು.”

“ಮನೇಲಿರೋರು ಅಂದ್ರೆ?”

“ಅಮ್ಮನ ಗಂಡ.”

ಅಕ್ಕ ಮುಖವಾಡ ನೋಡಿದರು. ನನ್ನನ್ನು ನೋಡಿದರು. ಎಲೆಕ್ಟ್ರಿಸಿಟಿ ಬಿಲ್ ಹಿಡಿದು ಬಂದವರಿಗೆ ಜೆರಾಕ್ಸ್ ಮಾಡಿಕೊಟ್ಟರು. ಆಮೇಲೆ ಮೆಲ್ಲಗೆ, “ಅವ್ರಿಗೆ ಗೊತ್ತಾ?”

“ಇಲ್ಲ.”

“ಕೇಳಿದ್ರೆ?”

“ಕೇಳಿದ್ರೆ ಹೇಳ್ತೀನಿ.”

“ನಿನ್ ಬಾಯಿಗೊಂದು ಎಲಾಸ್ಟಿಕ್ ಹಾಕ್ಬೇಕು,” ಅಂದರು.


ಫೆಬ್ರವರಿ 19, ಬುಧವಾರ. ಸಂಜೆ ಏಳು

ಕೇಳಿದರು.

ಆ ಅಪಾರ್ಟ್‌ಮೆಂಟಿನ ಲಿಫ್ಟ್ ಸರ್ವೀಸಿಗೆ ಅವರೇ ಹೋಗಿದ್ದು. ನನಗೆ ಗೊತ್ತಿರಲಿಲ್ಲ. ಕೆಲಸಕ್ಕೆ ಬಾರದ ಮುಖವಾಡಗಳನ್ನು ಮಕ್ಕಳು ಲಿಫ್ಟಿನೊಳಗೆ ಸಾಲಾಗಿ ಅಂಟಿಸಿದ್ದಾರೆ. ವಾಚ್‌ಮನ್ ನೋಡಿ ಹೇಳಿದನಂತೆ – “ಏನ್ ಸಾರ್, ನಿಮ್ ಫೋಟೋ ಲಿಫ್ಟ್ ತುಂಬ ಹಾಕ್ಸಿದಾರೆ? ರಿಟೈರ್‌ಮೆಂಟಾ?”

ಇದನ್ನು ಹೇಳಿ ಅವರೇ ನಕ್ಕರು. ಬ್ಯಾಗಿನಿಂದ ಒಂದು ಮುಖವಾಡ ತೆಗೆದು ಹಾಕಿಕೊಂಡರು. ತಮ್ಮ ಕಿರುಚಿ ಮಂಚ ಹತ್ತಿದ. ಅವನನ್ನು ಅಟ್ಟಿಸಿಕೊಂಡು ಹೋದರು, ಎಲ್ಲಿಯೂ ಎಡವಲಿಲ್ಲ. ಆಮೇಲೆ ನಿಂತರು. ಮುಖವಾಡದೊಳಗಿಂದಲೇ ನನ್ನ ಕಡೆ ತಿರುಗಿದರು.

“ನಂಗೆ ಅಳತೆ ಮಾಡಿದ ಹಾಗೆ ಕೂತಿದೆ. ಇದು ನಾನೇನಾ?”

“ಹೌದು.”

“ತಮಾಷೆಗಾ?”

“ಅಲ್ಲ.”

ಎಲಾಸ್ಟಿಕ್ ಬಿಚ್ಚಿದರು. ಅಮ್ಮನ ಕೈಯಲ್ಲಿ ಸೌಟು ಹಾಗೇ ಇತ್ತು. ತಮ್ಮ ಮಂಚದ ಮೇಲೆ ಇನ್ನೂ ಕುಣಿಯುತ್ತಿದ್ದ, “ಅಪ್ಪ, ಇನ್ನೊಂದ್ ಸಲ!”

ಅಳು ಬರಲಿಲ್ಲ. ಏನೂ ಬರಲಿಲ್ಲ.


ಫೆಬ್ರವರಿ 20, ಗುರುವಾರ

ಅಮ್ಮ ಬಚ್ಚಲ ಬಾಗಿಲಲ್ಲಿ ಅಡ್ಡಗಟ್ಟಿದಳು.

“ಅಲ್ಲ ಅಂತ ಒಂದು ಮಾತು ಹೇಳು. ಹೇಗೋ ಹಾಗೆ ಬಂತು, ಗೊತ್ತಾಗ್ಲಿಲ್ಲ ಅನ್ನು. ನಿನ್ ಗಂಟೇನು ಹೋಗತ್ತೆ?”

“ಗೊತ್ತಿತ್ತಲ್ಲ.”

“ಹರಿಶ್ಚಂದ್ರನ ಮೊಮ್ಮಗಳು! ಸತ್ಯ ಹೇಳೋಕೆ ಮನೇನೇ ಬೇಕಿತ್ತಾ ನಿಂಗೆ?”

ನಲ್ಲಿ ಹನಿಯುತ್ತಿತ್ತು. ಬಿಗಿ ಮಾಡಿದೆ. ಆದರೂ ಹನಿಯಿತು.


ಮಾರ್ಚ್ 2, ಭಾನುವಾರ

ಅವರು ನಮ್ಮ ಜೊತೆ ಊಟಕ್ಕೆ ಕೂರುತ್ತಿಲ್ಲ. ಬೇಡದ ಶಿಫ್ಟ್ ಎಲ್ಲ ಕೇಳಿ ಹಾಕಿಸಿಕೊಳ್ಳುತ್ತಾರೆ. ಮನೆಯಲ್ಲಿದ್ದಾಗ ನಾನು ಬಂದ ಕೋಣೆಯಿಂದ ಎದ್ದು ಹೋಗುತ್ತಾರೆ – ಸಿಟ್ಟಿನಿಂದಲ್ಲ, ದಾರಿ ಬಿಟ್ಟುಕೊಡುವ ಹಾಗೆ. ತಮ್ಮ ಕೇಳುತ್ತಾನೆ, “ಅಪ್ಪ ಯಾಕೆ ಊಟಕ್ಕೆ ಬರಲ್ಲ?” ಅಮ್ಮ ನನ್ನ ಕಡೆ ನೋಡುತ್ತಾಳೆ. ನಾನು ತಟ್ಟೆ ನೋಡುತ್ತೇನೆ.

ಅಂಗಡಿಯಲ್ಲಿ ತುಕ್ಕುರಾಯನನ್ನು ಬದಲಾಯಿಸಲು ಕುಳಿತೆ. ಹುಬ್ಬಿನ ಸೀಳು ಮುಚ್ಚಿದೆ. ಕಿವಿ ತಿದ್ದಿದೆ. ಮೂಗು ಉದ್ದ ಮಾಡಿದೆ. ಯಾರೋ ಬಂದು ಅವರಿಗೆ ಹೊಡೆದ ಹಾಗೆ ಕಂಡಿತು. ಅಕ್ಕ ಹಿಂದೆ ನಿಂತು ನೋಡುತ್ತಿದ್ದರು. ಮೌಸ್ ಕಸಿದುಕೊಂಡು ಪೂರ್ತಿ ಸೆಟ್ಟನ್ನೇ ವೆಬ್‌ಸೈಟಿನಿಂದ ತೆಗೆದುಹಾಕಿದರು. ಜನ ಹೆಚ್ಚು ಇಳಿಸಿಕೊಳ್ಳುತ್ತಿದ್ದದ್ದು ಅದನ್ನೇ.

“ಈಗಾಗ್ಲೇ ಪ್ರಿಂಟ್ ತಗೊಂಡೋರ ಮನೇಲಿ ಇರತ್ತಲ್ಲಕ್ಕ,” ಅಂದೆ.

“ಇರತ್ತೆ. ಅದಕ್ಕೇನ್ ಮಾಡೋಕಾಗತ್ತೆ? ಕಾಫಿ ತಗೊಂಡ್ ಬಾ ಹೋಗು.”


ಮಾರ್ಚ್ 5, ಬುಧವಾರ

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಚಪ್ಪಲಿ ಬಿಡುವಾಗಲೇ ಒಳಗೆ ಅವರ ಮಾತು ಕೇಳಿತು.

“ಕೆಲಸದ ಸೈಟಲ್ಲೇ ರೂಮ್ ಕೊಡ್ತಾರಂತೆ. ಕೆಲವು ತಿಂಗಳು ಅಲ್ಲೇ ಇರ್ತೀನಿ. ಅವಳಿಗೂ ಉಸಿರಾಡೋಕಾಗತ್ತೆ.”

“ಮಗೂಗೆ ಏನಂತ ಹೇಳ್ಲಿ? ಅವನಿಗೆ ಎಷ್ಟ್ ಸಲ ಅಪ್ಪ ಹೋಗ್ಬೇಕು?”

ನಾನು ಒಳಗೆ ಹೋದೆ.

“ಇಲ್ಲಿ ಕೇಳಿ. ನೀವು ಹೋಗ್ಬೇಡಿ.”

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

“ಒಂದು ಕೇಳ್ತೀನಿ. ನಾನೇನ್ ಮಾಡ್ದೆ ನಿಂಗೆ?”

“ಏನೂ ಮಾಡ್ಲಿಲ್ಲ.”

“ಮತ್ತೆ?”

“ಬಂದ್ರಲ್ಲ.”

ತಲೆಯಾಡಿಸಿದರು. ಕೆಟ್ಟ ಮೋಟರಿನಲ್ಲಿ ಯಾವ ಭಾಗ ಹೋಗಿದೆ ಅಂತ ಗೊತ್ತಾದಾಗ ಆಡಿಸುವ ಹಾಗೆ.

“ಅದನ್ನ ರಿಪೇರಿ ಮಾಡಕ್ಕಾಗಲ್ಲ,” ಅಂದರು.

“ಇಲ್ಲ.”

ಅವರು ನಕ್ಕ ಹಾಗಿತ್ತು. ಹತ್ತು ಹದಿನೈದು ದಿನದಲ್ಲಿ ಒಂದೇ ಕೋಣೆಯಲ್ಲಿ ಇಷ್ಟು ಹೊತ್ತು ಕುಳಿತದ್ದು ಇದೇ ಮೊದಲು. ಹಾಯೆನಿಸಿತು ಅಂತ ಬರೆದರೆ ಸುಳ್ಳಾಗುತ್ತದೆ. ಹಸಿವಾಯಿತು. ಅಷ್ಟೇ.


ಮಾರ್ಚ್ 9, ಭಾನುವಾರ

ಅಕ್ಕನ ನಾದಿನಿಗೆ ಬೇರೆ ಊರಿನಲ್ಲಿ ರಟ್ಟಿನ ಡಬ್ಬಿ ಮಾಡುವ ಫ್ಯಾಕ್ಟರಿ ಇದೆ. ರಟ್ಟು ಮಡಿಸುವ ಗೆರೆ, ಅಂಟಿನ ಪಟ್ಟಿ ಬರೆಯುವವರು ಬೇಕು. ಮೇಲಿನ ಮಹಡಿಯಲ್ಲಿ ಹುಡುಗಿಯರಿಗೆ ರೂಮು. ನಾನೇ ಕೇಳಿ ಫೋನ್ ಮಾಡಿಸಿದೆ.

“ಅಲ್ಲಿ ಬರೀ ಡಬ್ಬಿ ಕಣೇ. ಮೂಗು ಬಾಯಿ ಏನೂ ಇರಲ್ಲ,” ಅಂದರು ಅಕ್ಕ.

“ಒಳ್ಳೇದೇ ಆಯ್ತಲ್ಲ.”

“ನಿನ್ನ ನೋಡಿದ್ರೆ ಅಳು ಬರತ್ತೋ ಸಿಟ್ಟು ಬರತ್ತೋ ಗೊತ್ತಾಗಲ್ಲ ನಂಗೆ.”

ನನಗೂ ಗೊತ್ತಾಗುವುದಿಲ್ಲ.


ಮಾರ್ಚ್ 14, ಶುಕ್ರವಾರ

ಅಮ್ಮ ನನ್ನ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿದಳು, ಹಳೆಯ ನೈಟಿಯನ್ನೂ. “ಹೋಗ್ಬೇಡ” ಅನ್ನಲಿಲ್ಲ. “ಹೋಗು” ಅಂತಲೂ ಅನ್ನಲಿಲ್ಲ. ಒಂದು ಕುಪ್ಪಸದ ಮೇಲೆ ಇಸ್ತ್ರಿಪೆಟ್ಟಿಗೆ ಮರೆತು, ಕಂದು ಕಲೆಯಾಯಿತು. ಅದನ್ನೂ ಮಡಿಸಿಟ್ಟಳು.

ಅವರು ಬಾಗಿಲ ಬಳಿ ನಿಂತು, “ನೀನ್ಯಾಕೆ ಹೋಗ್ಬೇಕು? ನಾನು ಸೈಟ್ ರೂಮಿಗೆ ಹೇಳಿದ್ದೆ,” ಅಂದರು.

“ನೀವಿರಿ. ಅವನಿಗೆ ಬೇಕು.”

“ನಿಂಗೆ?”

ನಿಜ ಯಾವುದು ಅಂತ ಹುಡುಕಿದೆ.

“ಗೊತ್ತಿಲ್ಲ,” ಅಂದೆ. ಅದೇ ನಿಜ.

ಇವತ್ತು ಅವರು ಎಲ್ಲರ ಜೊತೆ ಊಟಕ್ಕೆ ಕುಳಿತರು. ತಮ್ಮ ಸ್ಕೂಲಿನ ಕಥೆ ಹೇಳುತ್ತಲೇ ಇದ್ದ, ಯಾರೂ ತಡೆಯಲಿಲ್ಲ. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಅಂದರು. ಬೇಡ ಅನ್ನಲಿಲ್ಲ.

ತಮ್ಮನಿಗೆ ಇನ್ನೂ ಹೇಳಿಲ್ಲ. ಎದ್ದ ಮೇಲೆ ಹೇಳಬೇಕು.

ನಾಳೆ ಹೊರಡುತ್ತೇನೆ. ಆರೂವರೆಯ ಬಸ್ಸು.